ಮಹಡಿಗೆ ಬಂದವರಿಗೆ ಏನು ಕೊಟ್ಟೆವು

ಮಹಡಿಯ ಮನೆಗೆ ಮೊದಲ ಅತಿಥಿಗಳು ಬರುವ ಹಿಂದಿನ ದಿನ ನಾನೂ ನಮ್ಮ ಮನೆಯವರೂ ಸ್ಕೂಟರಿನಲ್ಲಿ ಬಂಗಾರಪೇಟೆಗೆ ಹೋಗಿ ಒಂದು ಬುಟ್ಟಿ ತಂದೆವು. ಬಿದಿರಿನದಲ್ಲ, ಬಿದಿರಿನ ಹಾಗೆ ಕಾಣುವ ಪ್ಲಾಸ್ಟಿಕ್ಕಿನದು. ಅದರೊಳಗೆ ಎರಡು ಪೊಟ್ಟಣ ಬಿಸ್ಕತ್ತು, ಒಂದು ಹಿಡಿ ಚಾಕೊಲೇಟು, ಒಂದು ಕೀ ಗೊಂಚಲು, ಮೇಲೊಂದು ಬಟ್ಟೆಯ ಗುಲಾಬಿ. ಕೋಲಾರದಲ್ಲಿರುವ ಮಗಳು ಫೋನಿನಲ್ಲಿ ಹೇಳಿದ್ದಳು: "ರೂಮಿಗೆ ಬಂದವ್ರಿಗೆ ಅಂತ ಟೇಬಲ್ ಮೇಲೆ ಏನಾದ್ರೂ ಇಡಮ್ಮಾ. ಎಲ್ರೂ ಇಡ್ತಾರೆ. ಅದನ್ನ ನೋಡೇ ಚೆನ್ನಾಗಿ ಬರೀತಾರೆ."

ನಮ್ಮೂರು ಬೇತಮಂಗಲದ ಹತ್ತಿರ. ಮೇಲೆ ಎರಡು ಕೋಣೆ, ಒಂದು ಬಚ್ಚಲು, ಒಲೆ ಇಡುವಷ್ಟು ಜಾಗ. ಬಹಳ ವರ್ಷ ಅಲ್ಲಿ ಮೇಷ್ಟ್ರೊಬ್ಬರ ಸಂಸಾರ ಇತ್ತು. ಅವರು ವರ್ಗವಾಗಿ ಹೋದ ಮೇಲೆ ಮನೆ ಖಾಲಿ ಬಿತ್ತು. ಮಗಳು ಒಂದು ಭಾನುವಾರ ಬಂದು ಕಿಟಕಿಗೆ ಹೊಸ ಪರದೆ ಹಾಕಿಸಿ, ಮಂಚದ ಮೇಲೆ ಬಿಳಿ ಹೊದಿಕೆ ಹಾಸಿ, ಮಾವಿನ ತೋಟ ಕಾಣುವ ಹಾಗೆ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿಬಿಟ್ಟಳು. ಶನಿವಾರ ಬಂದು ಭಾನುವಾರ ಹೋಗುವ ಬೆಂಗಳೂರಿನವರಿಗೆ ಮನೆ ಬೇಕಂತೆ. ಕೋಟಿಲಿಂಗದ ಗುಡಿಗೆ ಬರುವವರು, ಚಿನ್ನದ ಗಣಿ ಇದ್ದ ಊರು ನೋಡಬೇಕೆನ್ನುವವರು, ಸುಮ್ಮನೆ ಬಂದು ಮಲಗುವವರು. ನಮ್ಮ ಮನೆಯವರು ಬಂಗಾರಪೇಟೆಯಿಂದ ರೈಲಿನಲ್ಲಿ ಓಡಾಡಿಕೊಂಡು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿದ್ದರು. ನಾಲ್ಕು ಹಸು, ಒಂದಿಷ್ಟು ತೋಟ ನೋಡಿಕೊಂಡು ಮನೆಯಲ್ಲೇ ಇದ್ದರು. "ಬತ್ತಾರೆ, ಓಗ್ತಾರೆ. ನಮಗೇನು ತೊಂದ್ರೆ? ಬರ್ಲಿ ಬಿಡು" ಎಂದರು.

ಆ ಬುಟ್ಟಿಯ ಗತಿ ಹೇಳಿಬಿಡುತ್ತೇನೆ. ಅದು ಏಪ್ರಿಲ್ ತಿಂಗಳು. ಮೊದಲು ಬಂದ ಗಂಡ ಹೆಂಡತಿ ಬುಟ್ಟಿಯನ್ನು ಮುಟ್ಟಲೇ ಇಲ್ಲ. ಅವರು ಹೋದ ಮೇಲೆ ಕಸ ಗುಡಿಸಲು ಹೋದರೆ ಚಾಕೊಲೇಟು ಕರಗಿ ಕಾಗದದಿಂದ ಹೊರಗೆ ಬಂದಿತ್ತು. ಇರುವೆಯ ಸಾಲು ಮೇಜಿನಿಂದ ಇಳಿದು, ಗೋಡೆ ಹಿಡಿದು, ಮಂಚದ ಕಾಲಿನವರೆಗೂ ಹೋಗಿತ್ತು. ಅವರು ಪಾಪ, ಏನೂ ಹೇಳದೆ ಹೋಗಿದ್ದರು. ನಾನು ಅರಿಶಿನ ಉದುರಿಸಿ, ಹೊದಿಕೆ ಒಗೆದು ಹಾಕಿದೆ. ಕೀ ಗೊಂಚಲು ನಮ್ಮ ಕೊಟ್ಟಿಗೆಯ ಬೀಗಕ್ಕೆ ಬಂತು.

ನಮ್ಮ ಅತ್ತೆಗೆ ಎಂಬತ್ತರ ಹತ್ತಿರ. ಈ ಬುಟ್ಟಿ ಗಿಟ್ಟಿ ಅವರಿಗೆ ಮೊದಲಿಂದಲೂ ಹಿಡಿಸಿರಲಿಲ್ಲ. "ಬಂದೋರ್ಗೆ ಅಂಗಡಿ ಸಾಮಾನು ಯಾಕಮ್ಮ? ಮನೇಲಿ ಆಲು ಕರೀತೀವಿ. ಒಂದು ಚೊಂಬು ಆಲು ಕೊಟ್ರೆ ಸಾಲ್ದಾ?" ಎಂದು ತಾವೇ ನಿಂತು, ಆಗ ತಾನೆ ಕರೆದ ಹಾಲನ್ನು ಹಿತ್ತಾಳೆ ಚೊಂಬಿನಲ್ಲಿ ಮೇಲೆ ಕಳಿಸತೊಡಗಿದರು. ಕೆಲವರು ಖುಷಿಯಾಗಿ ಕುಡಿದರು. ಒಬ್ಬರು ಚೊಂಬಿನ ಫೋಟೋ ತೆಗೆದುಕೊಂಡರು. ಆದರೆ ಒಂದು ಸಾಯಂಕಾಲ ನಾನು ಹಸುಗಳಿಗೆ ಹಿಂಡಿ ಕಲಸುತ್ತ ಕೂತಿದ್ದಾಗ, ಮೇಲಿನ ಪಾತ್ರೆ ತೊಳೆಯುವ ತೊಟ್ಟಿಯಿಂದ ಬರುವ ಕೊಳವೆಯಲ್ಲಿ ಬೆಳ್ಳಗೆ ಇಳಿದು ಬಂತು. ಕೊಟ್ಟಿಗೆಯ ಪಕ್ಕದ ಚರಂಡಿಯಲ್ಲಿ ಹರಿದು ಹೋಯಿತು. ಆ ವಾರ ಬಂದಿದ್ದವರಿಗೆ ಹಸಿ ಹಾಲಿನ ವಾಸನೆ ಆಗಿರಲಿಕ್ಕಿಲ್ಲ. ಬೇಡ ಎನ್ನಲು ಸಂಕೋಚ. ತಪ್ಪೇನಿಲ್ಲ. ಆದರೆ ಅತ್ತೆ ನೋಡುವ ಮೊದಲು ನಾನು ಎರಡು ಬಕೆಟ್ ನೀರು ಹುಯ್ದು ತೊಳೆದೆ. ಮಾರನೆಯ ವಾರದಿಂದ, ಬೇಕೇ ಎಂದು ಕೇಳಿ, ಬೇಕೆಂದವರಿಗೆ ಮಾತ್ರ ಕಾಯಿಸಿ ಕಳಿಸೋಣವೆಂದೆ. ಅತ್ತೆ ಒಪ್ಪಿದರು, ಕಾರಣ ಕೇಳಲಿಲ್ಲ.

ಬಾಟ್ಲಿಯ ಯೋಚನೆ ನಮ್ಮ ಮನೆಯವರದು.

ಕೆ.ಜಿ.ಎಫ್. ಕಡೆ ಹೋದವರಿಗೆಲ್ಲ ಆ ದಿಬ್ಬಗಳು ಗೊತ್ತು. ಗಣಿಯಿಂದ ಕಲ್ಲು ತೆಗೆದು, ಪುಡಿ ಮಾಡಿ, ಚಿನ್ನ ಬಿಡಿಸಿಕೊಂಡ ಮೇಲೆ ಉಳಿದ ಮಣ್ಣನ್ನು ನೂರು ವರ್ಷ ಒಂದೇ ಕಡೆ ಸುರಿದು ಸುರಿದು ಆದ ಗುಡ್ಡಗಳು ಅವು. ಸೈನೈಡ್ ದಿಬ್ಬ ಎನ್ನುತ್ತಾರೆ. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು, ದಿಬ್ಬ ಹಾಗೇ ಇದೆ. ಬಂದ ಅತಿಥಿಗಳೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಿದ್ದರು. "ಅಲ್ಲಿಂದ ಏನಾದರೂ ನೆನಪಿಗೆ ತರಬೇಕು ಅನ್ನಿಸಿತು" ಎಂದು ಒಬ್ಬಾತ ಅಂದದ್ದು ಇವರ ತಲೆಯಲ್ಲಿ ಕೂತಿತು. ಒಂದು ದಿನ ಮಳೆಗೆ ಕೊಚ್ಚಿ ರಸ್ತೆ ಬದಿಗೆ ಬಂದು ನಿಂತಿದ್ದ ಮಣ್ಣನ್ನು ಒಂದು ಚೀಲದಲ್ಲಿ ತುಂಬಿಕೊಂಡು ಬಂದರು. ಬಂಗಾರಪೇಟೆಯಲ್ಲಿ ಅತ್ತರು ತುಂಬುವಂಥ ಪುಟ್ಟ ಗಾಜಿನ ಬಾಟ್ಲಿ ಸಿಕ್ಕವು. ಮಗಳು ಕಂಪ್ಯೂಟರಿನಲ್ಲಿ 'ಚಿನ್ನದ ನಾಡಿನ ಮಣ್ಣು' ಎಂದು ಬರೆದು ಚೀಟಿ ಅಚ್ಚು ಹಾಕಿಸಿ ಕಳಿಸಿದಳು. ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಇವರು ಕಾಗದದ ಕೊಳವೆ ಮಾಡಿ ಮಣ್ಣು ತುಂಬುವರು, ನಾನು ಗೋಂದು ಹಚ್ಚಿ ಚೀಟಿ ಅಂಟಿಸುವೆ. ನುಣ್ಣನೆಯ ಬೂದು ಮಣ್ಣು, ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಮಿಣಕ್ ಅನ್ನುತ್ತಿತ್ತು.

ಅದು ಹಿಡಿಸಿದಷ್ಟು ಬೇರೆ ಯಾವುದೂ ಯಾರಿಗೂ ಹಿಡಿಸಲಿಲ್ಲ. "ಅಂಕಲ್, ಇದರಲ್ಲಿ ಚಿನ್ನ ಇದೆಯಾ?" ಎಂದು ಎಲ್ಲರೂ ಕೇಳುವರು. "ಇದ್ರೂ ಇರ್ಬೋದು, ಯಾರಿಗ್ಗೊತ್ತು" ಎಂದು ಇವರು ನಗುವರು. ಮನೆಯವರಿಗೆಂದು ಇನ್ನೊಂದೆರಡು ಬಾಟ್ಲಿ ಕೇಳಿ ಪಡೆದವರೂ ಇದ್ದರು. ಮೊಬೈಲಿನಲ್ಲಿ ನಮ್ಮ ಮನೆಯ ಬಗ್ಗೆ ಬರೆದವರು ಊಟ, ಹಾಸಿಗೆಗಿಂತ ಬಾಟ್ಲಿಯ ವಿಷಯವನ್ನೇ ಹೆಚ್ಚು ಬರೆದರು. ಮಗಳು ಫೋನು ಮಾಡಿ ಅಪ್ಪನನ್ನು ಹೊಗಳಿದಳು. ಇವರಿಗೂ ಹೆಮ್ಮೆ. ಸುಳ್ಳು ಯಾಕೆ ಹೇಳಲಿ, ನನಗೂ ಹೆಮ್ಮೆಯೇ ಆಗಿತ್ತು. ಹೆಚ್ಚು ಕಡಿಮೆ ಒಂದು ವರ್ಷ ಹೀಗೇ ನಡೆಯಿತು.

ಹೀಗಿರುವಾಗ ಒಬ್ಬ ಹೆಂಗಸು ಬಂದರು, ಶನಿವಾರವಲ್ಲ, ಒಂದು ಮಂಗಳವಾರ ಮಧ್ಯಾಹ್ನ. ಒಬ್ಬರೇ. ತಮಿಳುನಾಡಿನ ಕಡೆಯಿಂದ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಆಟೋ ಮಾಡಿಕೊಂಡು ಬಂದಿದ್ದರು. ಅರವತ್ತು ದಾಟಿದವರು. ತೆಳ್ಳನೆಯ ಆಳು, ಹತ್ತಿ ಸೀರೆ, ಕೈಯಲ್ಲಿ ಒಂದೇ ಚೀಲ. ನನಗಿಂತ ಅವರೇ ಏಳೆಂಟು ವರ್ಷ ದೊಡ್ಡವರು, ಆದರೂ ನನ್ನನ್ನು "ಅಕ್ಕಾ" ಎಂದೇ ಕರೆದರು. ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದರು, ನಡುನಡುವೆ ತಮಿಳು. ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನ ಕೋರಮಂಡಲ್‌ನಲ್ಲಿ, ಗಣಿ ಕಾರ್ಮಿಕರ ಸಾಲು ಸಾಲಾದ ಲೈನು ಮನೆಯಲ್ಲಿ, ಮದುವೆಯಾಗಿ ಹೋದ ಮೇಲೆ ಬರುವುದು ಕಡಿಮೆಯಾಯಿತು, ಅಪ್ಪ ಅಮ್ಮ ತೀರಿದ ಮೇಲೆ ನಿಂತೇ ಹೋಯಿತು ಎಂದು ಮೆಟ್ಟಿಲು ಹತ್ತುತ್ತಲೇ ಹೇಳಿದರು. "ನಾಳೆ ಬೆಳಿಗ್ಗೆ ಅಲ್ಲಿಗೆ ಓಗ್ಬೇಕು ಅಕ್ಕಾ. ಸುಮ್ನೆ ನೋಡ್ಕೊಂಡು ಬಂದ್ಬಿಡ್ತೀನಿ."

ನಾನು ಮೇಜಿನ ಮೇಲಿದ್ದ ಬಾಟ್ಲಿ ತೋರಿಸಿದೆ. "ಇದು ನಿಮಗೆ, ತಗೊಂಡು ಹೋಗೋಕೆ" ಎಂದೆ. ಅವರು ಚೀಟಿ ಓದಿದರು. ಬಾಟ್ಲಿಯನ್ನು ಎತ್ತಲಿಲ್ಲ. "ಆಗ್ಲಿ ಅಕ್ಕಾ" ಎಂದರು. ನನಗೆ ಏನೂ ಅನ್ನಿಸಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಸ್ಸಿಗೆ ಹೋದವರು ಹನ್ನೆರಡರ ಹೊತ್ತಿಗೆ ಹಿಂದಿರುಗಿದರು. ನಾನು ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದೆ, ಅತ್ತೆ ಪಕ್ಕದಲ್ಲಿದ್ದರು. ಇವರು ಆ ಕಡೆ ಮೇವು ಕತ್ತರಿಸುತ್ತಿದ್ದರು. ಆ ಹೆಂಗಸು ಮೇಲೆ ಹೋಗಿ ಕೈಕಾಲು ತೊಳೆದುಕೊಂಡು ಇಳಿದು ಬಂದು, ಕಾಗದದಲ್ಲಿ ಸುತ್ತಿದ್ದೊಂದನ್ನು ಕಟ್ಟೆಯ ಮೇಲೆ ನನ್ನ ಪಕ್ಕಕ್ಕೆ ಇಟ್ಟರು. ಬಿಚ್ಚಿ ನೋಡಿದೆ. ಬಾಟ್ಲಿ.

"ತಪ್ಪು ತಿಳ್ಕೋಬೇಡಿ ಅಕ್ಕಾ" ಎಂದರು. "ನನಗೆ ಬೇಡ. ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?"

"ಯಾಕಮ್ಮಾ? ನೆನಪಿಗೆ ಇರಲಿ ಅಂತ..."

ಅವರು ಕೂತರು. ದನಿ ಏರಿಸಲಿಲ್ಲ, ಅಳಲೂ ಇಲ್ಲ. ಸಂತೆಯ ಸಮಾಚಾರ ಹೇಳುವ ಹಾಗೆ ಹೇಳಿದರು. ಅಪ್ಪ ಭೂಮಿಯ ಕೆಳಗೆ ಬಂಡೆಗೆ ತೂತು ಕೊರೆಯುವ ಕೆಲಸದಲ್ಲಿದ್ದರು. ಆ ಕಲ್ಲಿನ ಧೂಳು ಎದೆಯಲ್ಲಿ ಕೂತಿತು. ಕೊನೆಯ ಕೆಲವು ವರ್ಷ ಅವರಿಗೆ ಮಲಗಲು ಆಗುತ್ತಿರಲಿಲ್ಲ, ಗೋಡೆಗೆ ದಿಂಬು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದರು. ಮೇಲೆ ಬಂದರೆ ಮನೆಯ ಹತ್ತಿರವೇ ದಿಬ್ಬ. ಗಾಳಿಯ ಕಾಲದಲ್ಲಿ ಅದರ ಧೂಳು ಹಾಸಿಗೆ, ಅನ್ನ, ಕುಡಿಯುವ ನೀರು ಎಲ್ಲಕ್ಕೂ ಬಂದು ಕೂರುತ್ತಿತ್ತು. ಅಮ್ಮ ಹಳೇ ಸೀರೆ ಒದ್ದೆ ಮಾಡಿ ಕಿಟಕಿಗೆ, ಬಾಗಿಲ ಸಂದಿಗೆ ಕಟ್ಟುತ್ತಿದ್ದರು. ಹೆಣ್ಣುಮಕ್ಕಳು ದಿನಕ್ಕೆ ಮೂರು ಹೊತ್ತು ಗುಡಿಸುತ್ತಿದ್ದರು.

"ನಮ್ಮಮ್ಮ ಸಾಯೋ ತಂಕ ಮನೆಯಿಂದ ಆಚೆ ಗುಡಿಸಿದ ಮಣ್ಣು ಅಕ್ಕಾ ಇದು" ಎಂದರು. "ನಮ್ಮಪ್ಪನ ಎದೇಲೂ ಇದೇ ಇತ್ತು. ನೀವು ಬಾಟ್ಲಿಗೆ ಹಾಕಿ ಕೈಗೆ ಕೊಟ್ರೆ ನಾನು ಹೆಂಗೆ ತಗೊಳ್ಲಿ?"

ಮೇವು ಕತ್ತರಿಸುವ ಸದ್ದು ನಿಂತಿತ್ತು. ಇವರು ಕತ್ತಿ ಕೆಳಗಿಟ್ಟು ಎದ್ದು ಬಂದರು. ಮುಖ ಕೆಂಪಗಾಗಿತ್ತು.

"ನಾವು ತಮಾಷೆಗೆ ಮಾಡಿದ್ದಲ್ಲ ಅಮ್ಮಾ. ಬಂದೋರು ಏನಾರ ನೆಪ್ಪಿಗೆ ಬೇಕು ಅಂತಿದ್ರು, ಅದಕ್ಕೆ..." ಎಂದರು.

"ಗೊತ್ತು ಅಣ್ಣಾ. ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಮಕ್ಕಳ ಕೈಗೆ ಕೊಡ್ಬೇಡಿ. ಅದರಲ್ಲಿ ಏನೇನು ಐತೋ."

ನಾನು ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ಇತ್ತು. ಎಷ್ಟು ಮಕ್ಕಳಿಗೆ ಕೊಟ್ಟಿದ್ದೆವು ಎಂದು ನೆನೆಸಿಕೊಳ್ಳಲು ನೋಡಿದೆ. ಚೀಟಿ ಅಂಟಿಸಿದ ಮೇಲೆ ಕೈ ತೊಳೆಯದೆ ಎಷ್ಟು ಸಲ ರೊಟ್ಟಿ ತಟ್ಟಿದ್ದೆನೋ ಅದೂ ನೆನಪಾಯಿತು. ಈ ಊರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಆ ದಿಬ್ಬಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಅಷ್ಟೇ. ಅದರ ಪಕ್ಕದಲ್ಲಿ ಮನೆ ಮಾಡಿದವರು ಹೇಗಿದ್ದರು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಆಗ ಮಾತು ಬದಲಿಸಿದವರು ಅತ್ತೆ. "ಯಾವ ಲೈನಮ್ಮಾ ನಿಮ್ದು?" ಎಂದು ಕೇಳಿದರು. ಅತ್ತೆ ಮದುವೆಯಾದ ಹೊಸತರಲ್ಲಿ ಮೊಸರಿನ ಗಡಿಗೆ ಹೊತ್ತು ಕೋರಮಂಡಲ್‌ಗೆ, ಚಾಂಪಿಯನ್ ರೀಫ್ಸ್‌ಗೆ ಮಾರಲು ಹೋಗುತ್ತಿದ್ದರಂತೆ. ಇದು ನನಗೂ ಹೊಸ ಸುದ್ದಿ. ಆ ಹೆಂಗಸು ಲೈನಿನ ಗುರುತು ಹೇಳಿದರು. ಅತ್ತೆ ಬೇರೆ ಯಾವುದೋ ಗುರುತು ಹೇಳಿದರು, ಬೇವಿನ ಮರ, ಒಂದು ಮಾರಮ್ಮನ ಗುಡಿ. ಎರಡೂ ಹೊಂದಲಿಲ್ಲ. ಅತ್ತೆ ಮಾರಿದ ಮೊಸರನ್ನು ಆ ಹೆಂಗಸಿನ ಮನೆಯವರು ಕೊಂಡಿದ್ದರೋ ಇಲ್ಲವೋ ತೀರ್ಮಾನವಾಗಲಿಲ್ಲ. ಆದರೆ ಇಬ್ಬರೂ ತಮಿಳು, ತೆಲುಗು, ಕನ್ನಡ ಮೂರನ್ನೂ ಬೆರೆಸಿಕೊಂಡು ಅರ್ಧ ಗಂಟೆ ಮಾತಾಡಿದರು. ಅತ್ತೆಯ ಬಾಯಲ್ಲಿ ಅಷ್ಟು ತಮಿಳು ಇದೆಯೆಂದು ನನಗೆ ಗೊತ್ತಿರಲಿಲ್ಲ.

ನಾನು ಆ ಹೆಂಗಸನ್ನು ಕೇಳಿದೆ: "ಅಮ್ಮಾ, ನಿಮ್ಮ ಮನೆಗೆ ಆಗ ನೆಂಟರು ಬಂದ್ರೆ ಏನು ಕೊಡ್ತಿದ್ರಿ?"

"ನೀರು" ಎಂದರು. "ಒಂದು ಬಕೆಟ್ ಬಿಸಿನೀರು. ಲೈನಿಗೆಲ್ಲ ಒಂದೇ ನಲ್ಲಿ. ಸರತಿ ಬಂದಾಗ ಹಿಡ್ಕೊಂಡಿದ್ದಷ್ಟೇ. ರೈಲಲ್ಲಿ ಯಾರಾದ್ರೂ ಬಂದ್ರೆ ಅಮ್ಮ ಮೊದಲು ಒಲೆ ಮೇಲೆ ನೀರು ಇಡೋರು. ಅವ್ರು ಸ್ನಾನ ಮಾಡಿದ್ರೆ ಅವತ್ತು ನಮಗೆ ಮಕ್ಕಳಿಗೆ ಸ್ನಾನ ಇಲ್ಲ. ನಮಗೆ ಅದೇ ಖುಷಿ." ಅವರು ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ನಕ್ಕರು. "ಆ ನೀರೂ ನಿಮ್ಮ ಬೇತಮಂಗಲದ ಕೆರೇದೇ ಅಕ್ಕಾ. ಇಲ್ಲಿಂದಲೇ ಬರೋದು."

ನಮ್ಮ ಮನೆಯವರು ಅಲ್ಲಿಂದ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲಿನ ಕಡೆಯಿಂದ ಹೊಗೆ ವಾಸನೆ ಬಂತು. ನಮ್ಮಲ್ಲಿ ಹಳೆಯ ತಾಮ್ರದ ಹಂಡೆ ಇದೆ. ಮೇಲಿನ ಬಚ್ಚಲಿಗೆ ಗೀಸರು ಹಾಕಿಸಿದ ಮೇಲೆ ಹಬ್ಬಕ್ಕೆ ಬಿಟ್ಟರೆ ಅದಕ್ಕೆ ಉರಿ ಹಾಕುತ್ತಿರಲಿಲ್ಲ. ಆ ಗೀಸರೋ, ಕರೆಂಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇವರು ಹಂಡೆ ತೊಳೆದು, ತುಂಬಿಸಿ, ಮಾವಿನ ಸೌದೆ ಒಟ್ಟಿ ಉರಿ ಹಾಕಿದ್ದರು. ನೀರು ಕಾದ ಮೇಲೆ ನನ್ನ ಹತ್ತಿರ ಬಂದು, "ಆಯಮ್ಮಂಗೆ ಕೇಳು, ಸ್ನಾನ ಮಾಡ್ತಾರಾ ಅಂತ. ನೀರು ಕಾದೈತೆ" ಎಂದರು. ತಾವೇ ಹೇಳಲು ಅವರಿಗೆ ಮುಖವಿರಲಿಲ್ಲ.

ಅವರು ಕೆಳಗಿನ ಬಚ್ಚಲಿನಲ್ಲೇ ಸ್ನಾನ ಮಾಡಿದರು. ಬಹಳ ಹೊತ್ತು ಮಾಡಿದರು. ಒಳಗಿಂದ ಚೊಂಬಿನ ಸದ್ದು ಬರುತ್ತಲೇ ಇತ್ತು. ಆಮೇಲೆ ಮುದ್ದೆ, ಅವರೆಕಾಳು ಸಾರು ಊಟ ಮಾಡಿ, ಆವತ್ತು ಹೊರಡಬೇಕಾಗಿದ್ದವರು ಇನ್ನೊಂದು ದಿನ ಇರುತ್ತೇನೆಂದರು.

ಅವರು ಹೋಗುವ ದಿನ ನಾನು ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ, ಕನಕಾಂಬರದ ದಂಡೆ ಇಟ್ಟುಕೊಂಡು ಬಂದೆ. ಅವರು ಕೈ ಅಡ್ಡ ಮಾಡಿದರು. "ಕುಂಕುಮ ಬೇಡ ಅಕ್ಕಾ. ನಮ್ಮೋರು ಓಗಿ ಮೂರು ವರ್ಷ ಆಯ್ತು." ನಾನು ತಬ್ಬಿಬ್ಬಾದೆ. ಗಂಡ ಇದ್ದಾರೋ ಇಲ್ಲವೋ ಎಂದು ಎರಡು ದಿನದಲ್ಲಿ ಕೇಳಿರಲೇ ಇಲ್ಲ. ಮಾವ ತೀರಿದ ಮೇಲೆ ನಮ್ಮ ಅತ್ತೆಯೂ ಕುಂಕುಮದ ತಟ್ಟೆ ಮುಟ್ಟಿದವರಲ್ಲ, ಹೂ ಮುಡಿದವರಲ್ಲ. ಅವರು ಕೂತಲ್ಲಿಂದ ಎದ್ದು ಬಂದು, ತಟ್ಟೆಯಿಂದ ಹೂವಿನ ದಂಡೆ ಮಾತ್ರ ಎತ್ತಿ, "ಊವಾ ಏನ್ ಮಾಡ್ತದೆ? ತಿರುಗಮ್ಮಾ" ಎಂದು ಆಕೆಯ ಜಡೆಗೆ ತಾವೇ ಮುಡಿಸಿದರು. ಆಕೆ ಬೇಡ ಎನ್ನಲಿಲ್ಲ. ಇವರು ಸ್ಕೂಟರಿನಲ್ಲಿ ಬಸ್ ನಿಲ್ದಾಣದವರೆಗೆ ಬಿಟ್ಟು ಬಂದರು.

ಆಮೇಲೆ ಉಳಿದ ಬಾಟ್ಲಿಗಳ ಪ್ರಶ್ನೆ ಬಂತು. ತುಂಬಿದವು ಇಪ್ಪತ್ತಕ್ಕೂ ಮೇಲಿದ್ದವು, ಚೀಲದಲ್ಲಿ ಅರ್ಧ ಮಣ್ಣು ಇತ್ತು. ಎಲ್ಲಿ ಸುರಿಯುವುದು? ತೋಟಕ್ಕೆ ಹಾಕುವ ಹಾಗಿಲ್ಲ, ಹಸು ಮೇಯುವ ಕಡೆ ಹಾಕುವ ಹಾಗಿಲ್ಲ, ಚರಂಡಿ ಕೆರೆಗೆ ಹೋಗುತ್ತದೆ. ಕೊನೆಗೆ ಇವರು ಬಾಯಿಗೆ ಟವೆಲ್ ಕಟ್ಟಿಕೊಂಡು ಎಲ್ಲ ಬಾಟ್ಲಿಯ ಮಣ್ಣನ್ನೂ ಚೀಲಕ್ಕೆ ಸುರಿದು, ಬಾಯಿ ಬಿಗಿದು, ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ ದಿಬ್ಬದ ಬುಡದಲ್ಲೇ ಹಾಕಿ ಬಂದರು. ಖಾಲಿ ಬಾಟ್ಲಿಗಳನ್ನು ತೊಳೆದು ಬಳಸೋಣವೆಂದು ನಾನಂದರೆ ಬೇಡವೆಂದರು. ಊಟಕ್ಕೆ ಕೂತಾಗ, "ನಾನು ದಿನಾ ಅದೇ ರೈಲಲ್ಲಿ ಲೈನು ಮನೆ ಜನದ ಪಕ್ಕದಲ್ಲೇ ಕೂತು ಓಗ್ತಿದ್ದೆ. ಕೆಮ್ಮೋರು. ಬೀಡಿ ಸೇದಿ ಕೆಮ್ಮು ಅಂದ್ಕೊಂಡಿದ್ದೆ" ಎಂದರು.

ಮಗಳಿಗೆ ಹೇಳಿದಾಗ ಮೊದಲು ಅವಳಿಗೆ ಬೇಜಾರಾಯಿತು. ಮೊಬೈಲಿನಲ್ಲಿ ಬಾಟ್ಲಿಯ ಫೋಟೋ ನೋಡಿಯೇ ಬರುವವರಿದ್ದರು. "ಎಲ್ಲಿ ನಮ್ಮ ಬಾಟ್ಲಿ?" ಎಂದು ಕೇಳಿದವರಿಗೆ ಇವರು "ನಿಲ್ಲಿಸ್ಬಿಟ್ಟಿದೀವಿ ಸಾರ್, ಅದು ಒಳ್ಳೇದಲ್ಲ" ಎಂದು ಹೇಳುವರು. ಕೇಳಿದರೆ ಕಾರಣವನ್ನೂ ಹೇಳುವರು. ಒಬ್ಬಾತ, ಕೊಟ್ಟ ಮಾತಿನಂತೆ ಉಡುಗೊರೆ ಇರಲಿಲ್ಲ ಎಂದು ಮೊಬೈಲಿನಲ್ಲಿ ಬರೆದು ನಕ್ಷತ್ರ ಕಡಿಮೆ ಕೊಟ್ಟ. ಮಗಳು ಆ ಫೋಟೋ ತೆಗೆದುಹಾಕಿದಳು.

ಈಗ ಯಾರು ಬಂದರೂ ಮೊದಲು ಕುಡಿಯುವ ನೀರು, ಆಮೇಲೆ ಸ್ನಾನಕ್ಕೆ ಹಂಡೆಯ ನೀರು ಸಿದ್ಧವಿದೆ ಎಂದು ಹೇಳುತ್ತೇವೆ. ಕೆಲವರಿಗೆ ಕೆಳಗೆ ಬಂದು ಸ್ನಾನ ಮಾಡಲು ಸಂಕೋಚ, ಅವರಿಗೆ ಗೀಸರಿದೆ. ಮೇಜಿನ ಮೇಲೆ ಆಯಾ ಕಾಲಕ್ಕೆ ಮನೆಯಲ್ಲಿ ಏನಿದೆಯೋ ಅದು. ಬೇಸಿಗೆಯಲ್ಲಿ ಎರಡು ಮಾವಿನಹಣ್ಣು, ಒಂದು ಚಾಕು. ಕಡಲೆಕಾಯಿ ಕಿತ್ತಾಗ ಒಂದು ಬಟ್ಟಲು ಬೇಯಿಸಿದ ಕಡಲೆಕಾಯಿ. ಏನೂ ಇಲ್ಲದ ದಿನ ಏನೂ ಇಲ್ಲ. ಬಂಗಾರಪೇಟೆಯ ಪಾನಿಪುರಿ ಎಲ್ಲಿ ಚೆನ್ನಾಗಿರುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಅದನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಆ ಹೆಂಗಸಿನ ಫೋನು ಬಂತು. ದೊಡ್ಡಕ್ಕ, ತಮ್ಮ, ತಮ್ಮನ ಹೆಂಡತಿ, ಎಲ್ಲ ಸೇರಿ ಐದು ಜನ ಬರಬಹುದೇ ಎಂದು. ಮಂಚ ಸಾಲದೆಂದು ಇವರು ಚಾಪೆ, ಜಮಖಾನ ಹಾಕಿಸಿದರು. ಬಂದವರು ಒಬ್ಬರಾದ ಮೇಲೆ ಒಬ್ಬರು ಸ್ನಾನ ಮುಗಿಸಿ, ಕೋರಮಂಡಲ್‌ಗೆ ಹೋದರು. ಸಾಯಂಕಾಲ ಬಂದು ಹೇಳಿದರು: ಅವರ ಹಳೆಯ ಮನೆಯಲ್ಲಿ ಈಗ ಬೇರೆ ಸಂಸಾರವಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದವರನ್ನು ಒಳಗೆ ಕರೆದು ಟೀ ಕೊಟ್ಟರಂತೆ. ಅಪ್ಪ ಒರಗಿ ಕೂರುತ್ತಿದ್ದ ಗೋಡೆಗೆ ಈಗ ಟಿ.ವಿ. ನೇತು ಹಾಕಿದ್ದಾರಂತೆ. ಮನೆಯವರು ಪಾಪ ಅದನ್ನು ಆರಿಸಿ, ಕುರ್ಚಿ ಸರಿಸಿ, ಎಲ್ಲರಿಗೂ ಅಲ್ಲೇ ಕೂರಲು ಜಾಗ ಮಾಡಿದರಂತೆ. ದೊಡ್ಡಕ್ಕ ಮಾತ್ರ ಆ ಗೋಡೆಯ ಹತ್ತಿರ ಕೂರದೆ ನಿಂತೇ ಟೀ ಕುಡಿದು ಬಂದರು ಎಂದು ಆಕೆಯ ತಮ್ಮ ಹೇಳಿದ. ಆ ದೊಡ್ಡಕ್ಕ ಅಷ್ಟರಲ್ಲಿ ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದರು. ಅವರ ಪಾಲಿನ ಊಟವನ್ನು ನಾನು ತಟ್ಟೆ ಮುಚ್ಚಿ ಇಟ್ಟೆ.